ಕೋಲಾರದ ನಲ್ಲಿ ನೀರು: ನಾಲಿಗೆ ಹೇಳದ ಸತ್ಯ

ಮಲೆನಾಡಿನಿಂದಲೋ ಕರಾವಳಿಯಿಂದಲೋ ವರ್ಗವಾಗಿ ಕೋಲಾರಕ್ಕೆ ಬಂದ ಸಂಸಾರಗಳು ಮೊದಲ ವಾರದಲ್ಲೇ ತೆಗೆಯುವ ತಕರಾರು ಒಂದು: ‘ಇಲ್ಲಿ ಸೋಪು ನೊರೆಯನ್ನೇ ಕೊಡುವುದಿಲ್ಲ!’ ಎರಡನೇ ವಾರಕ್ಕೆ ತಲೆಗೂದಲು ಒರಟಾಯಿತು ಎನ್ನುತ್ತಾರೆ. ತಿಂಗಳು ತುಂಬುವಷ್ಟರಲ್ಲಿ ಬೇಳೆ ಬೇಯುವುದಿಲ್ಲ, ಗೀಸರಿನ ಕಾಯಿಲ್ ಹೋಯಿತು, ಸ್ಟೀಲ್ ಬಿಂದಿಗೆಗೆ ಬಿಳಿ ಪೊರೆ ಕಟ್ಟಿತು ಎಂದು ದೂರಿನ ಪಟ್ಟಿ ಬೆಳೆಯುತ್ತದೆ. ಊರಿನವರು ‘ಬೋರ್ ನೀರು, ಇನ್ನೇನಾಗುತ್ತೆ’ ಎಂದು ನಕ್ಕು ಸುಮ್ಮನಾಗುತ್ತಾರೆ.

ಬಿಂದಿಗೆಯ ಬಿಳಿ ಪೊರೆ ಕಣ್ಣಿಗೆ ಕಾಣುವ ತೊಂದರೆ. ಆದರೆ ಕುಡಿಯುವ ನೀರಿನಲ್ಲಿ ನಿಜವಾಗಿ ಹೆದರಬೇಕಾದದ್ದು ಕಣ್ಣಿಗೂ ಕಾಣದು, ನಾಲಿಗೆಗೂ ತಿಳಿಯದು. ಇವೆರಡನ್ನೂ ಬೇರೆಬೇರೆಯಾಗಿ ನೋಡಲು ಕಲಿಯದಿದ್ದರೆ ಅದರ ಬೆಲೆ ತೆರುವುದು ಮಕ್ಕಳ ಹಲ್ಲು, ದೊಡ್ಡವರ ಮೂಳೆ.

ಆಳಕ್ಕಿಳಿದ ನೀರು

2011ರ ಜನಗಣತಿಯಂತೆ ಸುಮಾರು 1.38 ಲಕ್ಷ ಜನರಿದ್ದ ಊರು ಕೋಲಾರ. ಪಾಲಾರ್ ಹರಿಯುವ ಸೀಮೆಯೇ ಆದರೂ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ವರ್ಷಕ್ಕೆ 700ರಿಂದ 800 ಮಿಲಿಮೀಟರ್ ಮಳೆ. ಅದನ್ನು ಹಿಡಿದಿಡಲು ಹಿರಿಯರು ಸಾವಿರಾರು ಕೆರೆ ಕಟ್ಟಿದರು. ಕೆರೆ ತುಂಬಿದರೆ ಬಾವಿಯಲ್ಲಿ ನೀರು. ಕೆರೆಗಳು ಹೂಳು ತುಂಬಿ ಒತ್ತುವರಿಯಾದಂತೆ ಬಾವಿಗಳು ಬತ್ತಿದವು, ಕೊಳವೆ ಬಾವಿಗಳು ಬಂದವು. ಇನ್ನೂರು, ಮುನ್ನೂರು ಅಡಿಗೆ ಸಿಗುತ್ತಿದ್ದ ನೀರಿಗಾಗಿ ಸಾವಿರ ಅಡಿ ದಾಟಿ ಕೊರೆಯುವ ಕಾಲ ಬಂತು.

ಮಳೆಯ ನೀರು ಸ್ವಭಾವತಃ ಮೆದು. ಮಣ್ಣಿಗಿಳಿಯುವಾಗ ಅದು ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತುಸು ಆಮ್ಲೀಯವಾಗುತ್ತದೆ. ಬಂಡೆಯ ಬಿರುಕುಗಳಲ್ಲಿ ಕೂತು ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣಗಳನ್ನು ಕರಗಿಸಿಕೊಳ್ಳುತ್ತದೆ. ಈ ಎರಡರ ಪ್ರಮಾಣವೇ ನೀರಿನ ಗಡಸುತನ. ಆಳದಲ್ಲಿ ಹೆಚ್ಚು ಕಾಲ ನಿಂತ ನೀರಿನಲ್ಲಿ ಸಾಮಾನ್ಯವಾಗಿ ಲವಣಗಳೂ ಹೆಚ್ಚು.

ಸೋಪು ಈ ಕ್ಯಾಲ್ಸಿಯಂ ಜತೆ ಸೇರಿ ಜಿಡ್ಡಿನ ಗಷ್ಟಾಗುತ್ತದೆ. ಕ್ಯಾಲ್ಸಿಯಂ ತೀರಿದ ಮೇಲಷ್ಟೇ ನೊರೆ. ಹತ್ತೊಂಬತ್ತನೇ ಶತಮಾನದಲ್ಲಿ ಸ್ಕಾಟ್ಲೆಂಡಿನ ಥಾಮಸ್ ಕ್ಲಾರ್ಕ್ ಎಂಬ ರಸಾಯನ ವಿಜ್ಞಾನಿ ಇದನ್ನೇ ಅಳತೆಗೋಲು ಮಾಡಿದ: ನೊರೆ ನಿಲ್ಲಲು ಎಷ್ಟು ಸೋಪು ಬೇಕೋ ಅಷ್ಟು ಗಡಸು. ಬೇಳೆಯ ಕಥೆಯೂ ಇಂಥದೇ. ಬೇಳೆಯ ಕಣಗಳನ್ನು ಹಿಡಿದಿಟ್ಟಿರುವ ಪೆಕ್ಟಿನ್ ಎಂಬ ಅಂಟನ್ನು ಕ್ಯಾಲ್ಸಿಯಂ ಇನ್ನಷ್ಟು ಬಿಗಿ ಮಾಡುತ್ತದೆ. ಕುಕ್ಕರ್ ಎಷ್ಟು ಸೀಟಿ ಹೊಡೆದರೂ ಬೇಳೆ ಕರಗುವುದಿಲ್ಲ.

ಭಾರತೀಯ ಮಾನಕ ಬ್ಯೂರೋದ ಐಎಸ್ 10500 ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು. ಗಡಸುತನಕ್ಕೆ ಆರೋಗ್ಯದ ದೃಷ್ಟಿಯಿಂದ ವಿಶ್ವ ಆರೋಗ್ಯ ಸಂಸ್ಥೆ ಯಾವ ಮಿತಿಯನ್ನೂ ಹಾಕಿಲ್ಲ. ಅಂದರೆ ಗಡಸು ನೀರು ಪಾತ್ರೆ, ಪೈಪು, ಪರ್ಸಿಗೆ ಹೊರೆಯೇ ಹೊರತು ವಿಷವಲ್ಲ.

ಸದ್ದಿಲ್ಲದ ಶತ್ರು

ವಿಷಯ ಗಂಭೀರವಾಗುವುದು ಫ್ಲೋರೈಡ್ ವಿಚಾರ ಬಂದಾಗ. ಗ್ರಾನೈಟು, ನೈಸ್ ಬಂಡೆಗಳ ಈ ನೆಲದಲ್ಲಿ ಫ್ಲೋರೈಡ್ ಇರುವ ಖನಿಜಗಳುಂಟು. ನೀರಿನಲ್ಲಿ ಅದಕ್ಕೆ ರುಚಿಯಿಲ್ಲ, ಬಣ್ಣವಿಲ್ಲ, ವಾಸನೆಯಿಲ್ಲ. ಲೀಟರಿಗೆ 1 ಮಿಲಿಗ್ರಾಂ ಇರಬಹುದು, 1.5 ದಾಟಬಾರದು. ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದ ಮಕ್ಕಳ ಹಲ್ಲಿನಲ್ಲಿ ಹಳದಿ, ಕಂದು ಕಲೆ ಮೂಡುತ್ತದೆ. ಕಾಯಂ ಹಲ್ಲು ರೂಪುಗೊಳ್ಳುವ ಮೊದಲ ಎಂಟು ವರ್ಷಗಳಲ್ಲಾದ ಈ ಹಾನಿ ಮತ್ತೆ ಸರಿಹೋಗದು. ಪ್ರಮಾಣ ಇನ್ನೂ ಹೆಚ್ಚಿದ್ದರೆ ದೊಡ್ಡವರ ಕೀಲು, ಬೆನ್ನೆಲುಬು ಸೆಟೆದುಕೊಳ್ಳುತ್ತವೆ. ನೆರೆಯ ಆಂಧ್ರದ ನೆಲ್ಲೂರು ಸೀಮೆಯಲ್ಲಿ ಈ ಕಾಯಿಲೆಯನ್ನು 1937ರಲ್ಲೇ ವೈದ್ಯರು ದಾಖಲಿಸಿದ್ದರು.

ಇಲ್ಲೊಂದು ವಿಚಿತ್ರವಿದೆ. ಕ್ಯಾಲ್ಸಿಯಂ ಧಾರಾಳವಾಗಿರುವ ನೀರಿನಲ್ಲಿ ಫ್ಲೋರೈಡ್ ಅದರೊಂದಿಗೆ ಸೇರಿ ತಳಕ್ಕಿಳಿಯುತ್ತದೆ. ಕ್ಯಾಲ್ಸಿಯಂ ಕಡಿಮೆಯಿದ್ದು ಸೋಡಿಯಂ, ಬೈಕಾರ್ಬೊನೇಟ್ ಹೆಚ್ಚಿದ್ದರೆ ಫ್ಲೋರೈಡ್ ನೀರಿನಲ್ಲೇ ಉಳಿಯುತ್ತದೆ. ಎಲ್ಲೆಡೆಯೂ ಹೀಗೇ ಎಂದಲ್ಲ. ಎರಡೂ ಒಟ್ಟಿಗೆ ಇರುವ ನೀರೂ ಉಂಟು. ಆದರೆ ಚೆನ್ನಾಗಿ ನೊರೆ ಬರುವ ಬೋರ್ ನೀರೆಲ್ಲ ಒಳ್ಳೆಯದೆಂದು ನಂಬಿದರೆ ಮೋಸ ಹೋದಂತೆಯೇ.

ಚರಂಡಿ, ಗೊಬ್ಬರಗಳಿಂದ ಇಳಿಯುವ ನೈಟ್ರೇಟ್ ಇನ್ನೊಂದು. ಇದರ ಮಿತಿ 45 ಮಿಲಿಗ್ರಾಂ. ಹಸುಗೂಸುಗಳಿಗೆ ಇದು ಅಪಾಯ.

ಮನೆಮದ್ದಿನ ಮಿತಿ

ನೀರು ಕಾಯಿಸಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ಬಲವಾಗಿದೆ. ಕಾಯಿಸಿದಾಗ ರೋಗಾಣುಗಳು ಸಾಯುತ್ತವೆ, ಬೈಕಾರ್ಬೊನೇಟಿನಿಂದ ಬಂದ ತಾತ್ಕಾಲಿಕ ಗಡಸುತನ ಸುಣ್ಣವಾಗಿ ತಳ ಸೇರುತ್ತದೆ. ಹಂಡೆಯ ಒಳಗೆ ಕಟ್ಟುವ ಗಾರೆ ಅದೇ. ಸಲ್ಫೇಟ್, ಕ್ಲೋರೈಡುಗಳಿಂದ ಬಂದ ಗಡಸುತನ ಕಾಯಿಸಿದರೆ ಹೋಗದು. ಫ್ಲೋರೈಡ್ ಹೋಗುವುದಿರಲಿ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಬಟ್ಟೆಯಲ್ಲಿ ಸೋಸಿದರೆ ಕಸ ಹೋದೀತು, ಅಷ್ಟೇ.

ಆರ್‌ಓ ಯಂತ್ರ ಗಡಸುತನ, ಫ್ಲೋರೈಡ್ ಎರಡನ್ನೂ ತೆಗೆಯುತ್ತದೆ, ನಿಜ. ಆದರೆ ಸಾಮಾನ್ಯ ಮನೆಯಂತ್ರ ಒಳಗೆ ಬಂದ ನೀರಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೊರಗೆ ಬಿಡುತ್ತದೆ. ನೀರಿಲ್ಲದ ಊರಿಗೆ ಇದು ಸಣ್ಣ ನಷ್ಟವಲ್ಲ. ಆ ನೀರಿನಲ್ಲಿ ಫ್ಲೋರೈಡೂ ಹೆಚ್ಚಿರುವುದರಿಂದ ಅಡುಗೆಗೆ ಬೇಡ. ನೆಲ ಒರೆಸಲು, ಶೌಚಾಲಯಕ್ಕೆ ಬಳಸಿ. ಬಡಾವಣೆಯ ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಕ್ಯಾನ್ ತುಂಬಿಸುವವರು, ಅಲ್ಲಿನ ಮೆಂಬ್ರೇನ್ ಬದಲಾಯಿಸಿದ್ದು ಯಾವಾಗ ಎಂದು ಒಮ್ಮೆ ಕೇಳುವುದು ಒಳ್ಳೆಯದು.

ಯಂತ್ರ ಮಾರಲು ಬರುವವರ ಚಮತ್ಕಾರದ ಬಗ್ಗೆಯೂ ಎಚ್ಚರವಿರಲಿ. ಎರಡು ಲೋಟಗಳಲ್ಲಿ ವಿದ್ಯುತ್ ಕಡ್ಡಿ ಅದ್ದಿ, ನಿಮ್ಮ ನಲ್ಲಿ ನೀರು ಕಂದುಗಟ್ಟುವುದನ್ನು ತೋರಿಸುತ್ತಾರೆ. ಆ ಕಂದು ಬಣ್ಣ ನೀರಿನ ಕೊಳೆಯಲ್ಲ. ಕರಗಿದ ಕಬ್ಬಿಣದ ಕಡ್ಡಿ! ಲವಣವಿಲ್ಲದ ನೀರಿನಲ್ಲಿ ವಿದ್ಯುತ್ ಹರಿಯದ್ದರಿಂದ ಅದು ತಿಳಿಯಾಗಿಯೇ ಉಳಿಯುತ್ತದೆ. ಟಿಡಿಎಸ್ ಮೀಟರ್ ಕೂಡ ಕರಗಿದ ಒಟ್ಟು ಲವಣದ ಅಂದಾಜು ಹೇಳುತ್ತದೆಯೇ ಹೊರತು ಫ್ಲೋರೈಡ್ ಎಷ್ಟು, ರೋಗಾಣು ಇವೆಯೇ ಎಂದು ಹೇಳುವುದಿಲ್ಲ.

ಹೊಸ ನೀರು, ಹಳೆಯ ಬುದ್ಧಿ

ಇತ್ತೀಚಿನ ವರ್ಷಗಳಲ್ಲಿ ಚಿತ್ರ ತುಸು ಬದಲಾಗಿದೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಬಂತು. ಇದು ಅಂತರ್ಜಲ ಮರುಪೂರಣಕ್ಕೆ, ನೇರ ಕುಡಿಯಲಿಕ್ಕಲ್ಲ. ಅದೇ ವರ್ಷ ಕೆರೆಯಲ್ಲಿ ನೊರೆ ಕಾಣಿಸಿಕೊಂಡು ವಿವಾದ ಹೈಕೋರ್ಟಿಗೂ ಹೋಯಿತು. ಮೂರನೇ ಹಂತದ ಸಂಸ್ಕರಣೆ ಬೇಕೆಂಬ ರೈತರ ಒತ್ತಾಯ ನ್ಯಾಯವಾದದ್ದೇ. ಕೆರೆಯಿಂದ ಇಂಗಿದ ನೀರು ಬೋರ್‌ವೆಲ್ ಸೇರುತ್ತದೆ, ಬೋರ್‌ವೆಲ್ಲಿನದು ನಲ್ಲಿ ಸೇರುತ್ತದೆ. 2023ರ ನವೆಂಬರಿನಲ್ಲಿ ಕೋಲಾರ, ಬಂಗಾರಪೇಟೆ, ಮಾಲೂರು ಪಟ್ಟಣಗಳ ಕುಡಿಯುವ ನೀರಿಗೆಂದು ಮಾರ್ಕಂಡೇಯ ನದಿಯ ಯರಗೋಳ್ ಅಣೆಕಟ್ಟು ಲೋಕಾರ್ಪಣೆಯಾಯಿತು. ಅಣೆಕಟ್ಟಿನ ನೀರು ಸಾಮಾನ್ಯವಾಗಿ ಬೋರ್ ನೀರಿಗಿಂತ ಮೆದು. ಆದರೆ ರೋಗಾಣುಗಳ ದೃಷ್ಟಿಯಿಂದ ಶುದ್ಧೀಕರಣ, ಕ್ಲೋರಿನ್ ಕಡ್ಡಾಯ.

ಎಲ್ಲಕ್ಕಿಂತ ಮೆದು ನೀರು ತಲೆಯ ಮೇಲೆಯೇ ಬೀಳುತ್ತದೆ. ಸಾವಿರ ಚದರಡಿ ತಾರಸಿಯ ಮೇಲೆ 700 ಮಿಲಿಮೀಟರ್ ಮಳೆಯೆಂದರೆ ಸುಮಾರು 65 ಸಾವಿರ ಲೀಟರ್. ಕಾಲು ಭಾಗ ಪೋಲಾದರೂ 48 ಸಾವಿರ ಉಳಿಯುತ್ತದೆ. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 25 ಲೀಟರಿನಂತೆ ವರ್ಷಕ್ಕೆ ಬೇಕಾದದ್ದು ಒಂಬತ್ತು ಸಾವಿರ ಚಿಲ್ಲರೆ! ಮೊದಲ ಮಳೆಯನ್ನು ಹೊರಗೆ ಬಿಟ್ಟು, ಸೋಸಿ, ಮುಚ್ಚಿದ ತೊಟ್ಟಿಯಲ್ಲಿಟ್ಟು, ಕಾಯಿಸಿ ಕುಡಿದರೆ ಸಾಕು. ಬಂಡೆ ಮುಟ್ಟದ ಈ ನೀರಿನಲ್ಲಿ ಬೇಳೆಯೂ ಬೇಯುತ್ತದೆ, ಫ್ಲೋರೈಡಿನ ಭಯವೂ ಇಲ್ಲ.

ಅಷ್ಟು ಮಾಡಲಾಗದವರು ಇಷ್ಟಾದರೂ ಮಾಡಬಹುದು. ಮನೆಗೆ ಬರುವ ನೀರನ್ನು ಮಳೆಗಾಲಕ್ಕೆ ಮುಂಚೆ ಒಮ್ಮೆ, ನಂತರ ಒಮ್ಮೆ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ. ವರದಿಯಲ್ಲಿ ಮೊದಲು ನೋಡಬೇಕಾದ ಸಾಲು ಗಡಸುತನದ್ದಲ್ಲ. ಫ್ಲೋರೈಡ್, ನೈಟ್ರೇಟ್, ರೋಗಾಣು ಈ ಮೂರು. ನಗರಸಭೆಯವರು ಪ್ರತಿ ಬಡಾವಣೆಯ ನೀರಿನ ಈ ಅಂಕಿಗಳನ್ನು ಸೂಚನಾ ಫಲಕದಲ್ಲಿ ಬರೆದು ಹಾಕಬೇಕೆಂದು ಕೇಳುವುದು ತೆರಿಗೆ ಕಟ್ಟುವವರ ಹಕ್ಕು. ಬಿಂದಿಗೆಯ ಬಿಳಿ ಪೊರೆಯನ್ನು ಹುಣಸೆಹಣ್ಣು ಹಾಕಿ ಉಜ್ಜಿ ತೆಗೆಯಬಹುದು. ಮಗುವಿನ ಹಲ್ಲಿನ ಕಲೆಗೆ ಆ ಉಪಾಯ ನಡೆಯುವುದಿಲ್ಲ.