ಡ್ಯೂಕರ ಲೋಕದಲ್ಲಿ ಅಡಮಾನದ ಲೆಕ್ಕ

ಪ್ರೇಮಕಾದಂಬರಿ ಎಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಬ್ಯಾಂಕಿನ ಸಾಲ ವಿಭಾಗದಲ್ಲಿ ದುಡಿದವಳು ನಾನು. ಮನೆ ಅಡವಿಟ್ಟವರ ಮುಖಗಳನ್ನು ನೋಡಿ ನೋಡಿ, ಕಥೆಯೊಳಗಿನ ಜನ ಯಾರ ದುಡ್ಡಿನಲ್ಲಿ ಉಣ್ಣುತ್ತಾರೆ ಎಂದು ಕೇಳುವುದು ರೂಢಿಯಾಗಿಬಿಟ್ಟಿದೆ. ಅದಕ್ಕೆ ಉತ್ತರ ಕೊಡದ ಪುಸ್ತಕ ನನಗೆ ರುಚಿಸುವುದಿಲ್ಲ. ಇಂಥ ನನ್ನನ್ನು ರಾತ್ರಿಯೆಲ್ಲ ಎಚ್ಚರವಿಟ್ಟಿದ್ದು ಜಾರ್ಜೆಟ್ ಹೇಯರ್ 1961ರಲ್ಲಿ ಪ್ರಕಟಿಸಿದ ‘ಎ ಸಿವಿಲ್ ಕಾಂಟ್ರ್ಯಾಕ್ಟ್’. ಈ ಪ್ರೇಮಕಥೆ ಶುರುವಾಗುವುದೇ ಸಾಲದಿಂದ.

ಕಥೆ ನಡೆಯುವ ರೀಜೆನ್ಸಿ ಎಂಬುದು ಇಂಗ್ಲೆಂಡಿನ ಚರಿತ್ರೆಯ ಒಂದು ಸಣ್ಣ ತುಂಡು. ಮೂರನೆಯ ಜಾರ್ಜ್ ದೊರೆಗೆ ಬುದ್ಧಿಭ್ರಮಣೆಯಾಗಿ, 1811ರಿಂದ 1820ರವರೆಗೆ ಮಗನೇ ರೀಜೆಂಟ್ ಆಗಿ ರಾಜ್ಯಭಾರ ನಡೆಸಿದ ಕಾಲ. ಜೇನ್ ಆಸ್ಟೆನ್‌ಳ ಕಾದಂಬರಿಗಳು ಮೊದಲು ಅಚ್ಚಾದದ್ದೂ ಆಗಲೇ. ಆದರೆ ಆಸ್ಟೆನ್ ಬರೆದದ್ದು ತನ್ನದೇ ಕಾಲದ ಬಗ್ಗೆ. ನೂರು ವರ್ಷಕ್ಕೂ ಹೆಚ್ಚು ದೂರ ನಿಂತು ಆ ಕಾಲವನ್ನು ಮತ್ತೆ ಕಟ್ಟಿ, ರೀಜೆನ್ಸಿ ಪ್ರೇಮಕಾದಂಬರಿ ಎಂಬ ಪ್ರಕಾರಕ್ಕೆ ರೂಪ ಕೊಟ್ಟವಳು ಹೇಯರ್. ಅವಳ ಮೊದಲ ರೀಜೆನ್ಸಿ ಕಾದಂಬರಿ ‘ರೀಜೆನ್ಸಿ ಬಕ್’ ಬಂದದ್ದು 1935ರಲ್ಲಿ. ಗಾಡಿಗಳು, ಉಡುಪು, ಆಗಿನವರ ಆಡುಮಾತು ಎಲ್ಲವನ್ನೂ ಅವಳು ಟಿಪ್ಪಣಿ ಪುಸ್ತಕಗಳಲ್ಲಿ ಬರೆದಿಟ್ಟುಕೊಳ್ಳುತ್ತಿದ್ದಳು. ‘ಬ್ರಿಡ್ಜರ್‌ಟನ್’ ಧಾರಾವಾಹಿ ನೋಡಿದವರಿಗೆ ಈ ಲೋಕದ ದೀಪಾಲಂಕಾರ ಗೊತ್ತಿರುತ್ತದೆ. ನನ್ನನ್ನು ಹಿಡಿದದ್ದು ಅದರಡಿಯ ಕಾನೂನು.

ಮದುವೆಯಾದ ಹೆಣ್ಣಿನ ಕೈಹಣ, ಒಡವೆ, ದುಡಿಮೆ ಎಲ್ಲವೂ ಆಗ ಗಂಡನವು. ಅದಕ್ಕೇ ತವರಿನವರು ಮದುವೆಗೆ ಮುಂಚೆ ವಕೀಲರನ್ನು ಕೂರಿಸಿ ಕರಾರುಪತ್ರ ಬರೆಸುತ್ತಿದ್ದರು: ವರ್ಷಕ್ಕೆ ಅವಳ ಕೈಖರ್ಚಿಗೆಷ್ಟು, ಗಂಡ ಸತ್ತರೆ ಜೀವನಾಂಶವೆಷ್ಟು ಎಂದು. ದೊಡ್ಡ ಮನೆತನಗಳ ಜಮೀನು ಸಾಮಾನ್ಯವಾಗಿ ಹಿರಿಯ ಮಗನಿಗೇ ಹೋಗುತ್ತಿತ್ತು. ಇಪ್ಪತ್ತೊಂದು ತುಂಬದವರು ಹಿರಿಯರ ಒಪ್ಪಿಗೆಯಿಲ್ಲದೆ ಮದುವೆಯಾಗುವುದನ್ನು 1753ರ ಕಾಯಿದೆ ತಡೆದಿತ್ತು. ಆ ಕಾಯಿದೆ ಸ್ಕಾಟ್ಲೆಂಡಿಗೆ ಅನ್ವಯಿಸದ್ದರಿಂದಲೇ ಪ್ರೇಮಿಗಳು ಗಡಿಯಾಚೆಯ ಗ್ರೆಟ್ನಾ ಗ್ರೀನ್‌ಗೆ ಓಡುತ್ತಿದ್ದರು. ಲಂಡನ್ನಿನ ಆಲ್‌ಮ್ಯಾಕ್ಸ್ ಸಭಾಂಗಣದ ನೃತ್ಯಕೂಟಕ್ಕೆ ಹೋಗಲು ದುಡ್ಡಿದ್ದರೆ ಸಾಲದು. ಅದನ್ನು ನಡೆಸುವ ಕೆಲವೇ ಶ್ರೀಮಂತ ಹೆಂಗಸರು ಮನಸ್ಸು ಮಾಡಬೇಕು. ಇಷ್ಟೊಂದು ಬಿಗಿ ಇರುವಲ್ಲಿ ಒಂದು ಆಹ್ವಾನ, ಒಂದು ನೋಟ, ಬಾಯಿತಪ್ಪಿ ಬಂದ ಒಂದು ಮಾತು ಬದುಕನ್ನೇ ತಿರುಗಿಸಬಲ್ಲದು. ಹೇಯರ್‌ಳ ಸಂಭಾಷಣೆಗೆ ಅಷ್ಟು ಹರಿತ ಬಂದಿರುವುದು ಇದರಿಂದಲೇ.

‘ಎ ಸಿವಿಲ್ ಕಾಂಟ್ರ್ಯಾಕ್ಟ್’ನ ನಾಯಕ ಆ್ಯಡಮ್, ನೆಪೋಲಿಯನ್ ವಿರುದ್ಧದ ಯುದ್ಧದಲ್ಲಿ ಗಾಯಗೊಂಡು ಕುಂಟುವ ಸೈನಿಕ. ತೀರಿಕೊಂಡ ಅಪ್ಪ ಬಿಟ್ಟುಹೋದದ್ದು ಬಿರುದು ಮತ್ತು ಸಾಲ, ಎಸ್ಟೇಟು ಅಡಮಾನದಲ್ಲಿದೆ. ಅವನು ಪ್ರೀತಿಸಿದ್ದು ಸುಂದರಿ ಜೂಲಿಯಾಳನ್ನು. ಮನೆತನ ಉಳಿಸಲು ಮದುವೆಯಾಗುವುದು ವ್ಯಾಪಾರಿ ಚಾಲಿಯ ಮಗಳು ಜೆನ್ನಿಯನ್ನು. ಜೆನ್ನಿ ಗುಂಡಗೆ, ಕುಳ್ಳಗೆ, ಮಾತಿನಲ್ಲಿ ಬೆಡಗಿಲ್ಲ. ಅವನ ಮೇಲೆ ಅವಳಿಗೆ ಮೊದಲಿನಿಂದಲೂ ಮನಸ್ಸಿದೆ, ಬಾಯಿಬಿಡುವುದಿಲ್ಲ. ಅವನ ಊಟ, ನಿದ್ದೆ, ಹಳೆಯ ಮನೆಯ ಘನತೆ ಎಲ್ಲವನ್ನೂ ಸದ್ದಿಲ್ಲದೆ ನೋಡಿಕೊಳ್ಳುತ್ತಾಳೆ. ಮಾವನೋ ಅಳಿಯನ ಮೇಲೆ ದುಬಾರಿ ಉಡುಗೊರೆಗಳ ಮಳೆ ಸುರಿಸುತ್ತಾನೆ. ಬಾಯಿ ಜೋರು, ಆದರೆ ಚೀನೀ ಪಿಂಗಾಣಿ ಕಂಡರೆ ಮೆತ್ತಗಾಗುತ್ತಾನೆ. ಆ ಮನುಷ್ಯನನ್ನು ನಾನು ಬಹಳ ಇಷ್ಟಪಟ್ಟೆ. ಋಣದ ಭಾರ ಹೊತ್ತ ಅಳಿಯನ ಮುಜುಗರವನ್ನು ಹೇಯರ್ ಬರೆದಷ್ಟು ಸೂಕ್ಷ್ಮವಾಗಿ ಬರೆದವರನ್ನು ನಾನು ಓದಿಲ್ಲ.

1815ರ ಜೂನ್‌ನಲ್ಲಿ, ವಾಟರ್‌ಲೂ ಕದನದಲ್ಲಿ ನೆಪೋಲಿಯನ್ನನೇ ಗೆದ್ದನೆಂಬ ಗಾಳಿಸುದ್ದಿ ಲಂಡನ್ನಿಗೆ ಬರುತ್ತದೆ. ಸರಕಾರಿ ಸಾಲಪತ್ರಗಳ ಬೆಲೆ ಕುಸಿಯುತ್ತದೆ, ಮಾವ ‘ಮಾರಿಬಿಡು’ ಎನ್ನುತ್ತಾನೆ. ತನ್ನ ದಂಡನಾಯಕ ವೆಲಿಂಗ್ಟನ್ ಸೋಲುವವನಲ್ಲ ಎಂದು ಆ್ಯಡಮ್ ಕೊಳ್ಳುತ್ತಾನೆ. ಮೈಸೂರಿನವಳಾದ ನನಗೆ ಆ ಹೆಸರು ಬೇರೆ ನೆನಪನ್ನೂ ತಂದಿತು. 1799ರಲ್ಲಿ ಟಿಪ್ಪು ಮಡಿದ ಮೇಲೆ ಶ್ರೀರಂಗಪಟ್ಟಣದ ಉಸ್ತುವಾರಿ ಹೊತ್ತು ದರಿಯಾ ದೌಲತ್‌ನಲ್ಲಿ ಬೀಡುಬಿಟ್ಟಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಇವನೇ. ಆ್ಯಡಮ್‌ನ ಮನೆ ಉಳಿದಾಗ ಸಂತೋಷವಾಯಿತು. ಆ ಸಂತೋಷದಲ್ಲಿ ಪಟ್ಟಣದ ಕೋಟೆ ಮರೆಯಲಿಲ್ಲ.

ಈ ಪ್ರಕಾರದ ಬಗ್ಗೆ ನನ್ನ ತಕರಾರುಗಳು ಹಾಗೇ ಇವೆ. ಮ್ಯಾಂಚೆಸ್ಟರಿನ ಪೀಟರ್‌ಲೂನಲ್ಲಿ 1819ರಲ್ಲಿ ಹಕ್ಕು ಕೇಳಿ ನೆರೆದ ಜನರ ಮೇಲೆ ಕುದುರೆ ಪಡೆ ಹರಿದ ಕಾಲವಿದು. ನೃತ್ಯದ ಮನೆಗಳಿಗೆ ಆ ಸದ್ದು ಕೇಳುವುದೇ ಇಲ್ಲ. ಹೇಯರ್‌ಳದೇ ‘ದ ಗ್ರ್ಯಾಂಡ್ ಸೋಫಿ’ಯ ಯಹೂದಿ ಲೇವಾದೇವಿಗಾರನ ಚಿತ್ರಣ ಜನಾಂಗದ್ವೇಷದಿಂದ ಕೂಡಿದ್ದು, ಪುಸ್ತಕ ಎಷ್ಟೇ ಚುರುಕಾಗಿದ್ದರೂ ಅದನ್ನು ಕ್ಷಮಿಸಲಾರೆ.

ಆದರೂ ಗೆಳತಿಯರು ಕೇಳಿದರೆ ಮೊದಲು ಕೊಡುವುದು ಹೇಯರ್‌ಳ 1965ರ ‘ಫ್ರೆಡೆರಿಕಾ’. ತಂದೆತಾಯಿ ಇಲ್ಲದ ಮನೆಯ ಹಿರಿಯಕ್ಕ ತಂಗಿಗೆ ಗಂಡು ನೋಡಲು ಲಂಡನ್ನಿಗೆ ಬರುತ್ತಾಳೆ. ಉಗಿಯಂತ್ರ, ಬಲೂನುಗಳ ಹುಚ್ಚು ಹಿಡಿದ ಅವಳ ತಮ್ಮ ಫೀಲಿಕ್ಸ್, ಯಾವುದರಲ್ಲೂ ಆಸಕ್ತಿಯಿಲ್ಲದ ಶ್ರೀಮಂತನೊಬ್ಬನನ್ನು ಎಳೆದುಕೊಂಡು ಊರು ಸುತ್ತುತ್ತಾನೆ. ಆ ಶ್ರೀಮಂತ ಪ್ರೀತಿಗೆ ಬೀಳುವುದು ಹುಡುಗನ ಕಾಯಿಲೆಯಲ್ಲಿ ಆರೈಕೆಗೆ ನಿಂತಾಗಲೇ ನಮಗೆ ಖಾತ್ರಿಯಾಗುತ್ತದೆ. ಮದುವೆಯಾಗಿ ವರ್ಷಗಳು ಕಳೆದವರಿಗೆ ಮಾತ್ರ ನಾನು ನೇರವಾಗಿ ಜೆನ್ನಿಯ ಕಥೆಯನ್ನೇ ಕೊಡುತ್ತೇನೆ.