ಹೆಂಡತಿಯ ಕತ್ತಿನ ಡಿಸ್ಕ್: ಆಪರೇಷನ್ನೋ, ಕಾಯುವುದೋ?

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ. ಈ ನಾಲ್ಕು ತಾಲ್ಲೂಕಿನ ಖುಷ್ಕಿ ಬೇಸಾಯ ನಿಂತಿರೋದು ಹೆಂಗಸರ ತಲೆಯ ಮೇಲೆ. ಇದು ಬರೀ ಮಾತಿಗೆ ಹೇಳಿದ್ದಲ್ಲ. ಹೊಲದಿಂದ ಬ್ಯಾರನ್ನಿಗೆ ಹಸಿ ಹೊಗೆಸೊಪ್ಪು, ಬ್ಯಾರನ್ ಉರಿಗೆ ಸೌದೆ, ತಿಪ್ಪೆಯಿಂದ ಹೊಲಕ್ಕೆ ಗೊಬ್ಬರ, ರಾಗಿ ಕುಯ್ದ ಮೇಲೆ ಹುಲ್ಲು, ದನಕ್ಕೆ ಹಸಿ ಮೇವು, ಎಲ್ಲವೂ ಸಿಂಬಿ ಇಟ್ಟ ತಲೆ ಮೇಲೇ ಬರಬೇಕು. ಹೊರೆ ಎಷ್ಟು ತೂಕ ಅಂತ ಯಾರೂ ನೋಡೋದಿಲ್ಲ. ಎತ್ತೋಕೆ ಇನ್ನೊಬ್ಬರು ಕೈ ಹಾಕಿದರೆ ಆಯ್ತು, ಮಿಕ್ಕಿದ್ದು ಕತ್ತಿನ ಪಾಡು.

ನಮ್ಮದು ಹುಣಸೂರು ತಾಲ್ಲೂಕಿನಲ್ಲಿ ಮೂರೂವರೆ ಎಕರೆ ಮಳೆ ನಂಬಿದ ಕೆಮ್ಮಣ್ಣಿನ ಹೊಲ. ಎರಡು ಎಕರೆಗೆ ಹೊಗೆಸೊಪ್ಪು, ಉಳಿದದ್ದಕ್ಕೆ ರಾಗಿ, ಸಾಲಿಗೆ ಅವರೆ, ಕೊನೆಗೆ ಹುರುಳಿ. 2023ರ ಜುಲೈನಲ್ಲಿ, ಎರಡನೇ ಸಲ ಸೊಪ್ಪು ಮುರಿಯುವಾಗ, ನನ್ನ ಹೆಂಡತಿಗೆ ಕತ್ತು ಹಿಡಿಯಿತು. ಎರಡೇ ದಿನದಲ್ಲಿ ನೋವು ಬಲಗಡೆ ಹೆಗಲಿನಿಂದ ಇಳಿದು ತೋಳಿನ ಹಿಂಭಾಗಕ್ಕೆ, ಅಲ್ಲಿಂದ ನಡುಬೆರಳಿಗೆ ಬಂತು. ಬೆರಳು ಜೋಮು ಹಿಡಿದ ಹಾಗೆ. ರಾತ್ರಿ ಮಲಗಿದರೆ ನೋವು ಹೆಚ್ಚು. ಬಲಗೈಯನ್ನ ತಲೆ ಮೇಲೆ ಇಟ್ಟುಕೊಂಡರೆ ಮಾತ್ರ ಸ್ವಲ್ಪ ತಡೆಯುತ್ತಿತ್ತು. ಹಿಟ್ಟು ತೊಳಸುವಾಗ ಕೈಗೆ ಬಲ ಸಾಲದು ಅಂದಾಗ ಇದು ಬರೀ ಉಳುಕಲ್ಲ ಅನ್ನಿಸಿತು.

ಡಿಸ್ಕ್ ಅಂದರೆ ಏನು

ಕತ್ತಿನಲ್ಲಿ ಏಳು ಮೂಳೆ ಒಂದರ ಮೇಲೊಂದು ಕೂತಿವೆ. ಮೇಲಿನ ಎರಡನ್ನು ಬಿಟ್ಟರೆ ಪ್ರತಿ ಎರಡು ಮೂಳೆ ನಡುವೆ ಒಂದೊಂದು ಮೆತ್ತೆ. ಅದೇ ಡಿಸ್ಕ್. ಹೊರಗೆ ಗಟ್ಟಿ ನಾರು, ಒಳಗೆ ಮೆತ್ತನೆ ತಿರುಳು. ವಯಸ್ಸಾದಂತೆ ನಾರು ಸವೆಯುತ್ತದೆ. ಹೊರೆ ಬಿದ್ದರೆ, ಕತ್ತು ತಿರುಚಿದರೆ ತಿರುಳು ಹೊರಕ್ಕೆ ಉಬ್ಬಿ ಪಕ್ಕದ ನರ ಒತ್ತುತ್ತದೆ. ಕತ್ತಿನ ನರಗಳು ಕೈಗೆ ಹೋಗುವುದರಿಂದ ಕಾಯಿಲೆ ಕತ್ತಿನಲ್ಲಿ, ನೋವು ಕೈಯಲ್ಲಿ. ಯಾವ ಬೆರಳು ಜೋಮು ಹಿಡಿಯಿತು ಅನ್ನೋದರ ಮೇಲೆ ಯಾವ ನರ ಅಂತ ವೈದ್ಯರು ಅಂದಾಜು ಮಾಡ್ತಾರೆ. ಹೆಬ್ಬೆರಳಾದರೆ ಸಾಮಾನ್ಯವಾಗಿ ಐದು-ಆರನೇ ಮೂಳೆ ನಡುವೆ. ನಡುಬೆರಳಾದರೆ ಆರು-ಏಳರ ನಡುವೆ. ನಮ್ಮವಳದ್ದು ಎರಡನೆಯದು. ಎಂಆರ್‌ಐ ಫೋಟೋದಲ್ಲೂ ಅದೇ ಬಂತು.

ತಲೆಹೊರೆಯೊಂದೇ ಇದಕ್ಕೆ ಕಾರಣ ಅಂತ ಹೇಳೋಕಾಗಲ್ಲ. ಹೊರೆ ಹೊರದವರಿಗೂ ಬರುತ್ತದೆ. ಆದರೆ ವರ್ಷಗಟ್ಟಲೆ ಹೊತ್ತವರಲ್ಲಿ ಕತ್ತಿನ ಸವೆತ ಹೆಚ್ಚು ಅಂತ ವೈದ್ಯರೇ ಹೇಳ್ತಾರೆ.

ಎರಡು ಮಾತು

ಮೈಸೂರಿನ ಒಂದು ಆಸ್ಪತ್ರೆಯಲ್ಲಿ ತೋರಿಸಿದೆವು. ಆಪರೇಷನ್ ಮಾಡಿಬಿಡೋಣ, ಬೇಗ ಮಾಡಿದಷ್ಟೂ ಒಳ್ಳೆಯದು ಅಂದರು. ಕತ್ತಿನ ಮುಂಭಾಗದಿಂದ ಸಣ್ಣದಾಗಿ ಕುಯ್ದು, ಡಿಸ್ಕ್ ತೆಗೆದು, ಆ ಜಾಗಕ್ಕೆ ಆಧಾರ ಕೊಟ್ಟು ಎರಡು ಮೂಳೆ ಬೆಸೆಯುವುದು. ಖರ್ಚು ಸುಮಾರು 1,80,000 ರೂಪಾಯಿ ಅಂತ ಬರೆದುಕೊಟ್ಟರು.

ಮನೆಯಲ್ಲಿ ಎರಡು ಪಕ್ಷ ಆಯ್ತು. ಕೆ.ಆರ್.ನಗರದ ಕಡೆಯ ಅವಳ ತಮ್ಮ, “ಭಾವ, ಸಾಲ ಮಾಡಿಯಾದ್ರೂ ಮಾಡ್ಸ್‌ಬುಡಿ, ಕೈ ಬಿದ್ದೋದ್ರೆ ಏನ್ ಮಾಡೀರಿ?” ಅಂದ. ನಮ್ಮ ಅತ್ತಿಗೆ, “ಕತ್ತಿಗೆ ಕತ್ತಿ ಹಾಕುಸ್‌ಬ್ಯಾಡಿ” ಅಂತ ಹಟ ಹಿಡಿದರು. ಇಬ್ಬರೂ ಹೇಳಿದ್ದು ಪ್ರೀತಿಯಿಂದಲೇ. ಕತ್ತು ಯಾರದ್ದೋ ಅವಳನ್ನೇ ಕೇಳಿದೆ. ಅವಳು ಅಂದದ್ದು: “ಕುಯ್ಯೋದೇನೋ ಕುಯ್ತಾರೆ. ಆಮೇಲೂ ನಾನು ಸೊಪ್ಪು ಹೊರ್ಬೇಕಾ? ಅದ ಮೊದ್ಲು ಹೇಳಿ.”

ಆ ಪ್ರಶ್ನೆಗೆ ಉತ್ತರ ಯಾವ ಆಸ್ಪತ್ರೆಯಲ್ಲೂ ಇರಲಿಲ್ಲ. ಅದು ನಮ್ಮ ಮನೆಯಲ್ಲೇ ತೀರ್ಮಾನ ಆಗಬೇಕಿತ್ತು. ಹೊರುವುದು ನಿಲ್ಲಿಸೋದು ಅಂತ ಅವತ್ತೇ ಮಾತಾಯಿತು. ಫೋಟೋ, ರಿಪೋರ್ಟು ಎಲ್ಲ ತಗೊಂಡು ಇನ್ನೊಬ್ಬ ನರರೋಗ ಶಸ್ತ್ರವೈದ್ಯರ ಹತ್ತಿರ ಹೋದೆವು. ಅವರು ಫೋಟೋಗಿಂತ ಮೊದಲು ಅವಳ ಕೈ ನೋಡಿದರು. ತಳ್ಳಿಸಿದರು, ಎಳೆಸಿದರು, ಗೀಟಿನ ಮೇಲೆ ನಡೆಸುವ ಹಾಗೆ ಒಂದೇ ಸಾಲಿನಲ್ಲಿ ನಡೆಸಿದರು. ಆಮೇಲೆ ಹೇಳಿದ್ದು ಇಷ್ಟು:

“ನರ ಒತ್ತಿದೆ, ಬಳ್ಳಿ ಒತ್ತಿಲ್ಲ. ಬಲ ಸ್ವಲ್ಪ ಕುಗ್ಗಿದೆ, ಪೂರ್ತಿ ಹೋಗಿಲ್ಲ. ಇಂಥವರಲ್ಲಿ ಹೆಚ್ಚಿನವರಿಗೆ ಆರರಿಂದ ಹನ್ನೆರಡು ವಾರದಲ್ಲಿ ಆಪರೇಷನ್ ಇಲ್ಲದೆ ಕಮ್ಮಿಯಾಗುತ್ತೆ. ಉಬ್ಬಿದ ತಿರುಳನ್ನ ಎಷ್ಟೋ ಸಲ ದೇಹವೇ ಕರಗಿಸಿಕೊಳ್ಳುತ್ತೆ. ಕಾಯಬಹುದು. ಆದರೆ ಕಣ್ಣು ಮುಚ್ಚಿಕೊಂಡು ಕಾಯಬೇಡಿ.”

1997ರಲ್ಲಿ ಪ್ರಕಟವಾದ ಸ್ವೀಡನ್ ದೇಶದ ಒಂದು ಅಧ್ಯಯನದ ಬಗ್ಗೆಯೂ ಅವರು ಹೇಳಿದರು. ಕೈಗೆ ನೋವಿಳಿದು ಬಹಳ ದಿನವಾದ 81 ಮಂದಿಯನ್ನ ಮೂರು ಗುಂಪು ಮಾಡಿ ಒಂದಕ್ಕೆ ಆಪರೇಷನ್, ಒಂದಕ್ಕೆ ವ್ಯಾಯಾಮ, ಒಂದಕ್ಕೆ ಕತ್ತಿನ ಪಟ್ಟಿ ಕೊಟ್ಟರಂತೆ. ಮೊದಲ ತಿಂಗಳುಗಳಲ್ಲಿ ಆಪರೇಷನ್ ಆದವರಿಗೆ ನೋವು ಬೇಗ ಇಳಿಯಿತು. ಒಂದು ವರ್ಷವಾದಾಗ ಮೂರೂ ಗುಂಪಿನ ನೋವಿನಲ್ಲಿ ಹೇಳುವಂಥ ವ್ಯತ್ಯಾಸ ಉಳಿಯಲಿಲ್ಲ. ಅಂದರೆ ಆಪರೇಷನ್ನಿನಿಂದ ಸಿಗುವ ದೊಡ್ಡ ಲಾಭ ಬೇಗ ಗುಣ. ಬಲ ಕುಗ್ಗುತ್ತಾ ಹೋಗುವವರ ಲೆಕ್ಕ ಬೇರೆ.

ಕಾಯುವುದೂ ಒಂದು ಕೆಲಸ

ಆರು ವಾರ ಅಂತ ಗಡುವು ಹಾಕಿಕೊಂಡೆವು. ಮೊದಲ ಹತ್ತು ದಿನ ಕತ್ತಿಗೆ ಪಟ್ಟಿ, ಆಮೇಲೆ ತೆಗೆಸಿದರು. ಬಹಳ ದಿನ ಕಟ್ಟಿದರೆ ಕತ್ತಿನ ಸ್ನಾಯು ಸೊರಗುತ್ತೆ. ನೋವಿನ ಮಾತ್ರೆ ಊಟ ಆದ ಮೇಲೆ, ಅದೂ ಎರಡೇ ವಾರ. ಅಂಗಡಿಯಲ್ಲಿ ಕೇಳಿ ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆ ಹುಣ್ಣಾಗುತ್ತೆ, ಮೂತ್ರಪಿಂಡಕ್ಕೂ ಕೆಡುಕು. ರಾತ್ರಿ ನರದ ನೋವಿಗೆ ಬೇರೆ ಮಾತ್ರೆ. ಅದು ಮಂಪರು ತರುತ್ತೆ, ನುಂಗಿ ಬ್ಯಾರನ್ ಒಲೆ ಕಾಯೋಕೆ ಕೂರಬಾರದು. ಮೂರನೇ ವಾರದಿಂದ ಫಿಸಿಯೋಥೆರಪಿ, ಒಟ್ಟು ಹದಿನೆಂಟು ಸಲ. ಅಲ್ಲಿ ಕಲಿಸಿದ್ದನ್ನ ದಿನಾ ಮನೆಯಲ್ಲಿ ಮಾಡೋದು. ದಪ್ಪ ದಿಂಬು ಬಿಟ್ಟು ತೆಳ್ಳನೆಯದು.

ಬಲ ನೋಡೋದಕ್ಕೆ ಒಂದು ದಾರಿ ಹೇಳಿಕೊಟ್ಟಿದ್ದರು. ಮನುಷ್ಯರು ನಿಂತು ತೂಕ ನೋಡುವ ಯಂತ್ರವನ್ನ ಜಗಲಿ ಮೇಲಿಟ್ಟು, ಮೊಣಕೈ ಮಡಚಿ ಅಂಗೈ ಊರಿ, ಕೆಳಕ್ಕೆ ಒತ್ತುವುದು. ಮುಳ್ಳು ಎಷ್ಟಕ್ಕೆ ಹೋಯ್ತು ಅಂತ ಪ್ರತಿ ಭಾನುವಾರ ಹಾಲಿನ ಲೆಕ್ಕದ ಪುಸ್ತಕದಲ್ಲೇ ಬರೆದೆ. ಎಡಗೈ 14 ಕಿಲೋ. ಬಲಗೈ ಮೊದಲ ವಾರ 9, ಎರಡನೇ ವಾರ 9, ಮೂರನೇ ವಾರ 8.

ಆ ಎಂಟು ನೋಡಿ ನಮಗೆ ನಿದ್ದೆ ಹೋಯ್ತು. ಮಾರನೇ ದಿನವೇ ವೈದ್ಯರ ಹತ್ತಿರ ಹೋದೆವು. ಅವರು ಮತ್ತೆ ಕೈ ನೋಡಿ, ನೋವಿಗೆ ಹೆದರಿ ಒತ್ತಲಿಲ್ಲ, ಬಲ ಇಳಿದಿಲ್ಲ, ಇನ್ನೊಂದು ವಾರ ನೋಡೋಣ, ಇದಕ್ಕಿಂತ ಇಳಿದರೆ ಆಪರೇಷನ್ ಅಂದರು. ನಾವು ಒಪ್ಪಿದೆವು. ನಾಲ್ಕನೇ ವಾರ 10 ಬಂತು. ಐದನೇ ವಾರ ಅವಳು ರಾತ್ರಿ ಪೂರ್ತಿ ಮಲಗಿದಳು. ಆರನೇ ವಾರ 12. ಮೂರು ತಿಂಗಳಿಗೆ 13. ನೋವು ಹೋಗಿದೆ. ನಡುಬೆರಳ ತುದಿಯಲ್ಲಿ ಜೋಮು ಈಗಲೂ ಇದೆ.

ಆಪರೇಷನ್ ಬೇಡ ಅಂತ ಓದಿಕೊಳ್ಳಬೇಡಿ

ಪಿರಿಯಾಪಟ್ಟಣ ಕಡೆಯ ನಮ್ಮ ನೆಂಟರೊಬ್ಬರಿಗೆ ಕತ್ತಿನಲ್ಲಿ ನೋವೇ ಹೆಚ್ಚಿರಲಿಲ್ಲ. ಆದರೆ ಅಂಗಿ ಗುಂಡಿ ಹಾಕೋಕೆ ಬರುತ್ತಿರಲಿಲ್ಲ, ಬದುವಿನ ಮೇಲೆ ನಡೆದರೆ ತೂರಾಡೋರು. ಕುಡಿದಿದಾರೆ ಅಂತ ಜನ ಆಡಿಕೊಂಡರು. ಅವರದ್ದು ಬೆನ್ನುಹುರಿಯೇ ಒತ್ತಿದ್ದು. ತಡ ಮಾಡದೆ ಆಪರೇಷನ್ ಮಾಡಿಸಿದರು, ಈಗ ಕೋಲಿಲ್ಲದೆ ಓಡಾಡ್ತಾರೆ. ಅವರು ನಮ್ಮ ಹಾಗೆ ಕಾದಿದ್ದರೆ ಕಾಲೇ ಹೋಗುತ್ತಿತ್ತೇನೋ. ಹುರಿ ಒತ್ತಿದಾಗ ಆಪರೇಷನ್ನಿನ ಮುಖ್ಯ ಉದ್ದೇಶ ಇನ್ನಷ್ಟು ಕೆಡದ ಹಾಗೆ ತಡೆಯುವುದು. ಹೋದದ್ದೆಲ್ಲ ವಾಪಸ್ ಬರುತ್ತೆ ಅನ್ನೋ ಹಾಗಿಲ್ಲ.

ಹಾಗಾಗಿ ಈ ಲಕ್ಷಣ ಕಂಡರೆ ಅವತ್ತೇ ದೊಡ್ಡ ಆಸ್ಪತ್ರೆಗೆ ಹೊರಡಿ: ಕಾಲು ತೊಡರುವುದು, ಎರಡೂ ಕೈ ಜೋಮು, ಬೆರಳಲ್ಲಿ ಸಣ್ಣ ಕೆಲಸ ಆಗದಿರುವುದು, ಕೈಯ ಬಲ ದಿನದಿನಕ್ಕೆ ಇಳಿಯುವುದು, ಮಲಮೂತ್ರದ ಹತೋಟಿ ತಪ್ಪುವುದು, ಕತ್ತುನೋವಿನ ಜೊತೆ ಜ್ವರ.

ಇನ್ನೊಂದು. ಕತ್ತು ಹಿಡಿದು ಗಬಕ್ಕನೆ ತಿರುವಿ ಲಟಕ್ಕನ್ನಿಸುವುದು ನಮ್ಮಲ್ಲಿ ರೂಢಿ. ಕ್ಷೌರದ ಕುರ್ಚಿಯಲ್ಲೂ ಮಾಡ್ತಾರೆ. ಡಿಸ್ಕ್ ಉಬ್ಬಿದ ಕತ್ತಿಗೆ ಇದು ಬಹಳ ಅಪಾಯ. ಮಿದುಳಿಗೆ ಹೋಗುವ ರಕ್ತನಾಳ ಹರಿದು ಪಾರ್ಶ್ವವಾಯು ಹೊಡೆದದ್ದೂ ಉಂಟು. ಎಣ್ಣೆ ಹಚ್ಚಿ ಮೆಲ್ಲಗೆ ನೀವಿಸಿಕೊಳ್ಳಿ, ತಿರುವಿಸಬೇಡಿ.

ದುಡ್ಡಿನ ಲೆಕ್ಕ

ನಮಗೆ ಆದದ್ದು: ಎಂಆರ್‌ಐ 6,500, ಫಿಸಿಯೋಥೆರಪಿ 3,600, ಔಷಧಿ, ವೈದ್ಯರ ಫೀಸು, ಬಸ್ಸು ಸೇರಿ ಒಟ್ಟು 19,000 ರೂಪಾಯಿ ಹತ್ತಿರ. ಅವಳ ಬದಲು 40 ದಿನ ಆಳು ಹಾಕಿದ್ದು 14,000. ಅದು ಮಳೆ ಕೈಕೊಟ್ಟ ವರ್ಷ ಬೇರೆ.

ಆಪರೇಷನ್ನೇ ಆಗಬೇಕಾದರೆ ಕೈಯಿಂದ ಹಾಕುವ ಮುಂಚೆ ಕಾರ್ಡು ನೋಡಿ. ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಇದೆ. 2003ರಲ್ಲಿ ಶುರುವಾಗಿ, 2018ರಲ್ಲಿ ನಿಂತು, 2023ರ ಜನವರಿಯಿಂದ ಮತ್ತೆ ಬಂತು. ಆಗ ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ ಕಟ್ಟಿಸಿಕೊಂಡರು, 5 ಲಕ್ಷದವರೆಗೆ ಚಿಕಿತ್ಸೆ. ಬಿಪಿಎಲ್ ಕಾರ್ಡಿನವರಿಗೆ 2018ರಿಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಉಂಟು. ಅನೇಕ ಚಿಕಿತ್ಸೆಗೆ ಮೊದಲು ಸರ್ಕಾರಿ ಆಸ್ಪತ್ರೆಯಿಂದ ಚೀಟಿ ಬೇಕು. ನಿಮ್ಮ ಆಪರೇಷನ್ ಪಟ್ಟಿಯಲ್ಲಿದೆಯೇ, ಆ ಆಸ್ಪತ್ರೆ ಯೋಜನೆಯಲ್ಲಿದೆಯೇ ಅಂತ ದಾಖಲಾಗುವ ಮುಂಚೆಯೇ ಕೇಳಿ. ಮೈಸೂರಿನ ಕೆ.ಆರ್.ಆಸ್ಪತ್ರೆ, ಬೆಂಗಳೂರಿನ ನಿಮ್ಹಾನ್ಸ್ ಸರ್ಕಾರದ್ದು. ಎರಡನೇ ಮಾತು ಕೇಳೋಕೆ ಅಲ್ಲಿಗೂ ಹೋಗಬಹುದು.

ಹೊಲದಲ್ಲಿ ಬದಲಾದದ್ದು

ಒಂದು ದಿನ ಹಸಿ ಸೊಪ್ಪಿನ ಹೊರೆ ತೂಗಿದೆ. 34 ಕಿಲೋ. ಅಂಥದ್ದು ದಿನಕ್ಕೆ ಹದಿನೈದು ಇಪ್ಪತ್ತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಗಂಡಸಿಗೆ 55 ಕಿಲೋ ಮೀರಬಾರದು, ಹೆಂಗಸಿಗೆ ಅದಕ್ಕಿಂತ ಬಹಳ ಕಮ್ಮಿ ಇರಬೇಕು ಅಂತ ಶಿಫಾರಸು ಮಾಡಿದೆಯಂತೆ. ನಮ್ಮ ಹೊಲಕ್ಕೆ ಬಂದು ತೂಗುವವರು ಯಾರು? ಯೂರಿಯಾ ಚೀಲವನ್ನ 2018ರಲ್ಲಿ 50 ಕಿಲೋದಿಂದ 45ಕ್ಕೆ ಇಳಿಸಿದರು. ಅದೂ ಗೊಬ್ಬರ ಉಳಿಸೋಕೆ, ನಮ್ಮ ಕತ್ತು ಉಳಿಸೋಕಲ್ಲ.

ಹಳೇ ಬೈಕಿನ ಎರಡು ಚಕ್ರಕ್ಕೆ ಕಬ್ಬಿಣದ ಚೌಕಟ್ಟು ಹಾಕಿಸಿ ತಳ್ಳುಗಾಡಿ ಮಾಡಿಸಿದೆ. ಹುಣಸೂರಿನ ಗ್ಯಾರೇಜಿನಲ್ಲಿ 5,200 ರೂಪಾಯಿ. ಗಾಡಿ ಓಡಾಡೋಕೆ ಸೊಪ್ಪಿನ ಸಾಲಿನ ನಡುವೆ ಎರಡು ಕಡೆ ನಾಲ್ಕಡಿ ದಾರಿ ಬಿಟ್ಟೆ. ಅಷ್ಟು ಗಿಡ ಕಮ್ಮಿಯಾಯ್ತು, ಆದರೆ ಒಂದು ಸಲಕ್ಕೆ ಮೂರು ಹೊರೆ ಬರುತ್ತೆ. ನೆಲದ ಮೇಲೆ ಕತ್ತು ಬಗ್ಗಿಸಿ ಕೂತು ಸೊಪ್ಪು ಕಟ್ಟುತ್ತಿದ್ದರು, ಈಗ ಎದೆಮಟ್ಟದ ಹಲಗೆ ಹಾಕಿದೀವಿ. ಹೊಗೆಸೊಪ್ಪು ಎರಡು ಎಕರೆಯಿಂದ ಒಂದೂಕಾಲಿಗೆ ಇಳಿಸಿದೆವು. ಆ ಮುಕ್ಕಾಲು ಎಕರೆಗೆ ರಾಗಿ. ವರಮಾನ ಇಳಿದದ್ದು ನಿಜ. ಅವಳ ಲೆಕ್ಕ ಬೇರೆ: “ಕತ್ತು ಹೋದ್ರೆ ಹರಾಜು ಮಾರ್ಕೆಟ್ನಲ್ಲಿ ಸಿಕ್ಕದಾ?”

ವೈದ್ಯರನ್ನ ಕೇಳಬೇಕಾದ ಐದು ಪ್ರಶ್ನೆ

ನರ ಒತ್ತಿದೆಯೋ, ಬೆನ್ನುಹುರಿಯೋ? ಬಲ ಕುಗ್ಗಿದೆಯೇ, ಎಷ್ಟು? ಕಾದರೆ ಆಗುವ ಅಪಾಯ ಏನು, ಎಷ್ಟು ದಿನ ಕಾಯಬಹುದು? ಆಪರೇಷನ್ ಆದರೆ ಯಾವುದು ಗುಣವಾಗುತ್ತೆ, ಯಾವುದು ಹಾಗೇ ಉಳಿಯಬಹುದು? ಆಮೇಲೆ ಯಾವ ಕೆಲಸ ಮಾಡಬಹುದು, ಯಾವುದು ಎಂದಿಗೂ ಕೂಡದು? ಚೀಟಿಯಲ್ಲಿ ಬರೆದುಕೊಂಡು ಹೋಗಿ. ಉತ್ತರವನ್ನೂ ಬರೆದುಕೊಳ್ಳಿ. ಕಾಯಿಲೆಯವರನ್ನ ಹೊರಗೆ ಕೂರಿಸಿ ಗಂಡಸರೇ ಒಳಗೆ ಹೋಗಿ ತೀರ್ಮಾನ ಮಾಡಬೇಡಿ.

ಬದು ಹತ್ತಿಳಿಯುವ ಹೊಲಕ್ಕೂ ಹೊಂದುವ ಗಾಡಿ ಅಥವಾ ಹೊರೆ ತರುವ ಬೇರೆ ಉಪಾಯ ನಿಮ್ಮಲ್ಲಿ ಯಾರಾದರೂ ಮಾಡಿಕೊಂಡಿದ್ದರೆ ಪತ್ರಿಕೆಗೆ ಬರೆಯಿರಿ. ನಮ್ಮ ಗಾಡಿ ಇಳಿಜಾರಿನಲ್ಲಿ ತಡೆಯೋದಿಲ್ಲ. ಅದಕ್ಕೊಂದು ಬ್ರೇಕು ಕೂರಿಸುವ ದಾರಿ ಬೇಕಾಗಿದೆ.