ಜ್ವರ ಅಳೆದರೆ ಸಾಲದು, ಉಸಿರು ಎಣಿಸಿ

"ಎದಿಯಾಗ ಕಫ ಕಟ್ಟೇತ್ರಿ, ಒಂದು ಸೂಜಿ ಮಾಡಿ ಕಳಸ್ರಿ." ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆ ವಯಸ್ಸಾದವರನ್ನು ಆಸ್ಪತ್ರೆಗೆ ಕರೆತರುವವರು ಹೀಗೆಯೇ ಮಾತು ಶುರು ಮಾಡುತ್ತಾರೆ. ಅದು ಬರೀ ಕಫವೋ, ನ್ಯುಮೋನಿಯಾವೋ? ನ್ಯುಮೋನಿಯಾ ಆದರೆ ಗುಳಿಗೆ ಕೊಟ್ಟು ಮನೆಗೆ ಕಳಿಸುವುದೋ, ಗದಗಿನ ಜಿಮ್ಸ್ ಆಸ್ಪತ್ರೆಗೆ ಸಾಗಿಸುವುದೋ? ತುರ್ತು ವಿಭಾಗದ ವೈದ್ಯರು ಇದನ್ನು ಬೇಗ ತೀರ್ಮಾನಿಸಬೇಕು.

ನ್ಯುಮೋನಿಯಾದಲ್ಲಿ ಶ್ವಾಸಕೋಶದ ಗಾಳಿಗೂಡುಗಳಲ್ಲಿ ದ್ರವ, ಕೀವು ತುಂಬುತ್ತದೆ. ಎಳೆದುಕೊಂಡ ಗಾಳಿಯ ಆಮ್ಲಜನಕ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ದೇಹ ಉಸಿರಿನ ವೇಗ ಹೆಚ್ಚಿಸಿ ಆ ಕೊರತೆ ತುಂಬಲು ಹೆಣಗುತ್ತದೆ.

ಬ್ರಿಟನ್, ನ್ಯೂಜಿಲೆಂಡ್, ನೆದರ್ಲೆಂಡ್ಸ್‌ಗಳ 1068 ರೋಗಿಗಳ ಮಾಹಿತಿಯಿಂದ 2003ರಲ್ಲಿ ನ್ಯುಮೋನಿಯಾದ ತೀವ್ರತೆ ಅಳೆಯುವ 'ಕರ್ಬ್-65' ಎಂಬ ಅಳತೆಗೋಲು ಬಂತು. ರೋಗಿಗೆ ಗೊಂದಲವಿದೆಯೇ? ರಕ್ತದಲ್ಲಿ ಯೂರಿಯಾ ಏರಿದೆಯೇ? ಉಸಿರು ನಿಮಿಷಕ್ಕೆ 30 ಅಥವಾ ಹೆಚ್ಚೇ? ಬಿಪಿಯ ಮೇಲಿನ ಅಂಕಿ 90ಕ್ಕಿಂತ ಕಡಿಮೆಯೇ, ಇಲ್ಲವೇ ಕೆಳಗಿನದು 60 ಅಥವಾ ಅದಕ್ಕೂ ಕಡಿಮೆಯೇ? ವಯಸ್ಸು 65 ಆಗಿದೆಯೇ? ಹೌದೆಂದಾಗಲೆಲ್ಲ ಒಂದು ಅಂಕ. ಸೊನ್ನೆ ಅಥವಾ ಒಂದಾದರೆ ಸಾಮಾನ್ಯವಾಗಿ ಮನೆಯಲ್ಲೇ ಗುಳಿಗೆ, ಎರಡಾದರೆ ದಾಖಲು, ಮೂರು ಅಥವಾ ಹೆಚ್ಚಾದರೆ ಐಸಿಯು ಯೋಚನೆ. ಈ ಪಟ್ಟಿಯಲ್ಲಿ ಜ್ವರವೇ ಇಲ್ಲ, ನೋಡಿ! ವೃದ್ಧರಲ್ಲಿ ಎಷ್ಟೋ ಸಲ ಜ್ವರ ಬರುವುದೇ ಇಲ್ಲ. ಅಜ್ಜ ಊಟ ಬಿಟ್ಟು ತೊದಲತೊಡಗುತ್ತಾನೆ, ಮನೆಯವರು ಅದನ್ನು ವಯಸ್ಸಿನ ಅರಳುಮರಳು ಎಂದುಕೊಳ್ಳುತ್ತಾರೆ.

ಯೂರಿಯಾ ಬಿಟ್ಟರೆ ಉಳಿದ ನಾಲ್ಕಕ್ಕೆ ಲ್ಯಾಬ್ ಬೇಡ. ಆದರೆ ಉಸಿರನ್ನು ನಿಜಕ್ಕೂ ಎಣಿಸಬೇಕು. ಕಣ್ಣಂದಾಜಿನಲ್ಲೇ 20 ಎಂದು ಬರೆದುಬಿಡುವ ಚಾಳಿ ದೊಡ್ಡ ಆಸ್ಪತ್ರೆಗಳನ್ನೂ ಬಿಟ್ಟಿಲ್ಲ. ಎಣಿಸುತ್ತಿದ್ದಾರೆಂದು ಗೊತ್ತಾದರೆ ರೋಗಿಯ ಉಸಿರೇ ಬದಲಾಗುತ್ತದೆ. ಅದಕ್ಕೇ ಅನುಭವಿ ನರ್ಸ್ ನಾಡಿ ಹಿಡಿದಂತೆ ಮಾಡಿ, ಪೂರ್ತಿ ಒಂದು ನಿಮಿಷ ಎದೆಯ ಏರಿಳಿತ ನೋಡುತ್ತಾರೆ.

ಕರ್ಬ್‌ಗೂ ಒಂದು ಕುರುಡು ಮೂಲೆಯಿದೆ: ಅದು ಆಕ್ಸಿಜನ್ ನೋಡುವುದಿಲ್ಲ. ಬೆಟಗೇರಿಯ 40ರ ನೇಕಾರರೊಬ್ಬರ ಆಕ್ಸಿಜನ್ 86ಕ್ಕೆ ಇಳಿದಿದ್ದರೂ ಅಂಕ ಸೊನ್ನೆಯೇ ಇರಬಹುದು. ಹಾಗಾಗಿ ಬೆರಳಿಗೆ ಆಕ್ಸಿಮೀಟರ್ ಹಾಕದೆ ಯಾರನ್ನೂ ಮನೆಗೆ ಕಳಿಸಬಾರದು. ಕೋವಿಡ್‌ ಕಾಲದಲ್ಲಿ ಕೊಂಡ ಎಷ್ಟೋ ಆಕ್ಸಿಮೀಟರ್‌ಗಳು ಈಗ ಸೆಲ್ ಸತ್ತು ಕಪಾಟಿನಲ್ಲಿವೆ.

ನಮ್ಮಲ್ಲಿ ಇನ್ನೊಂದು ತೊಡಕು ಕ್ಷಯ. ನ್ಯುಮೋನಿಯಾ ಎಂದು ಲೆವೊಫ್ಲಾಕ್ಸಸಿನ್ ಎಂಬ ಆ್ಯಂಟಿಬಯಾಟಿಕ್ ಕೊಟ್ಟರೆ ಕ್ಷಯವೂ ಕೆಲಕಾಲ ತಗ್ಗಿದಂತೆ ಕಾಣುತ್ತದೆ, ಪತ್ತೆ ತಡವಾಗುತ್ತದೆ. ಕೆಮ್ಮು ಎರಡು ವಾರ ದಾಟಿದ್ದರೆ ಮೊದಲು ಕಫ ಪರೀಕ್ಷೆಯಾಗಲಿ. ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯದಲ್ಲಿ ರೂಪುಗೊಂಡ ಟ್ರೂನ್ಯಾಟ್ ಯಂತ್ರ ಸಣ್ಣ ಆಸ್ಪತ್ರೆಯಲ್ಲೂ ಅದನ್ನು ಮಾಡಬಲ್ಲದು.

ದೊಡ್ಡ ಆಸ್ಪತ್ರೆಗೆ ಕಳಿಸುವುದೇ ಆದರೆ, ಬೇಕಿದ್ದವರಿಗೆ ಆಕ್ಸಿಜನ್ ಹಚ್ಚಿ, ಆ್ಯಂಟಿಬಯಾಟಿಕ್‌ನ ಮೊದಲ ಡೋಸ್ ಕೊಟ್ಟೇ ಕಳಿಸಬೇಕು. ದಾರಿಯಲ್ಲಿ ಕಳೆಯುವ ಹೊತ್ತೂ ಚಿಕಿತ್ಸೆಯ ಹೊತ್ತೇ. ಮನೆಯಲ್ಲಿ ಹಿರಿಯರಿಗೆ ಕೆಮ್ಮಿದ್ದು ಉಸಿರು ನಿಮಿಷಕ್ಕೆ 30 ಮುಟ್ಟಿದರೆ, ಇಲ್ಲವೇ ಮಾತು ತಪ್ಪತೊಡಗಿದರೆ, ಬೆಳಗಾಗಲಿ ಎಂದು ಕಾಯದೆ 108ಕ್ಕೆ ಫೋನ್ ಮಾಡಿ.